ಹೊಸ ಪಿಕಪ್‌ನ ‘ಟಕ್’ ಸದ್ದು ನಿಂತದ್ದು ಹೀಗೆ

ನಿಂತ ಗಾಡಿಯನ್ನು ಫಸ್ಟ್ ಗೇರಿನಲ್ಲಿ ಎತ್ತುವಾಗ ಅಡಿಯಿಂದ ‘ಟಕ್’ ಎನ್ನುತ್ತಿತ್ತು. ಖಾಲಿ ಇದ್ದಾಗ ಜಾಸ್ತಿ. ಕ್ಲಚ್ ಅಡ್ಜಸ್ಟ್ ಮಾಡಿಸಿದೆ, ಇಂಜಿನ್ ಮೌಂಟಿಂಗ್ ಬದಲಾಯಿತು, ಜಾಯಿಂಟ್ ಕ್ರಾಸ್‌ಗಳಿಗೆ ಗ್ರೀಸ್ ಹೊಡೆಸಿದೆ. ಸದ್ದು ಹಾಗೇ ಇತ್ತು.

ತೊಂದರೆ ಇದ್ದದ್ದು ಪ್ರೊಪೆಲ್ಲರ್ ಶಾಫ್ಟ್‌ನ (ಗೇರ್‌ಬಾಕ್ಸ್‌ನಿಂದ ಹಿಂದಿನ ಆಕ್ಸಲ್‌ಗೆ ಹೋಗುವ ತಿರುಗುವ ದಂಡ) ಸ್ಲಿಪ್ ಯೋಕ್‌ನಲ್ಲಿ, ಅಂದರೆ ಅದರ ಜಾರುವ ಜೋಡಣೆಯಲ್ಲಿ. ಪಟ್ಟೆಗಳು (ಹಿಂದಿನ ಲೀಫ್ ಸ್ಪ್ರಿಂಗ್‌ಗಳು) ಕುಣಿದಂತೆ ಯೋಕ್ ಒಳಗೂ ಹೊರಗೂ ಜಾರಬೇಕು. ಅದರ ಉದ್ದುದ್ದ ಹಲ್ಲುಗಳಲ್ಲಿ ಗ್ರೀಸ್ ಒಣಗಿದ್ದರೆ ಹಿಡಿದುಕೊಂಡು ಥಟ್ಟನೆ ಬಿಡುತ್ತದೆ. ಹೊಸ ಗಾಡಿಯೆಂದು ಇಲ್ಲಿ ಯಾರೂ ಕೈ ಹಾಕುವುದಿಲ್ಲ.

ಸಮತಟ್ಟಿನಲ್ಲಿ ನಿಲ್ಲಿಸಿ, ಚಕ್ರಗಳಿಗೆ ಕಲ್ಲು ಕೊಟ್ಟು ನ್ಯೂಟ್ರಲ್‌ಗೆ ಹಾಕಿ. ಶಾಫ್ಟ್ ಬಿಚ್ಚುವ ಮೊದಲೇ ಯೋಕ್, ಶಾಫ್ಟ್, ಫ್ಲ್ಯಾಂಜ್ (ಶಾಫ್ಟ್ ಬೋಲ್ಟ್ ಆಗುವ ತಟ್ಟೆ) ಮೇಲೆ ಪೇಂಟಿನ ಗುರುತು ಹಾಕಲೇಬೇಕು. ಜೋಡಣೆ ತಪ್ಪಿದರೆ ಸ್ಪೀಡಿನಲ್ಲಿ ಗಾಡಿ ನಡುಗುತ್ತದೆ. ಹಲ್ಲುಗಳನ್ನು ಸೀಮೆಎಣ್ಣೆಯಲ್ಲಿ ಒರೆಸಿ, ಮಾಲಿಬ್ಡಿನಮ್ ಬೆರೆತ ಲಿಥಿಯಂ ಗ್ರೀಸನ್ನು ತೆಳ್ಳಗೆ ಸವರಿ. ಒಳಗೆ ತುಂಬಬೇಡಿ, ಯೋಕ್ ಪೂರ್ತಿ ಒಳಸರಿಯದು. ಗುರುತಿಗೆ ಗುರುತು ಕೂಡಿಸಿ ಜೋಡಿಸಿ.

ಆಮೇಲೆ, ಚಕ್ರ ನೆಲದ ಮೇಲಿರುವಾಗಲೇ, ಪಟ್ಟೆಯನ್ನು ಆಕ್ಸಲ್‌ಗೆ ಹಿಡಿದಿಡುವ ಯು-ಬೋಲ್ಟ್ ನಟ್ಟುಗಳನ್ನು ಮೂಲೆಯಿಂದ ಮೂಲೆಗೆ ಮ್ಯಾನುಯಲ್ ಹೇಳಿದ ಟಾರ್ಕ್‌ಗೆ (ಬಿಗಿತದ ಅಳತೆಗೆ) ಬಿಗಿ ಮಾಡಿ. ‘ಟಕ್’ ಜೊತೆಗೆ, ಗುಂಡಿಗೆ ಇಳಿದಾಗ ಕಿರುಗುಟ್ಟುವ ಇನ್ನೊಂದು ಸದ್ದೂ ಇತ್ತು, ಅದು ಹೋದದ್ದು ಇದರಿಂದ.