ಕಾಸಿಗೆ ತಕ್ಕ ಡಿಸ್ಕ್: ಕಡಲ ದಂಡೆಗೂ ಅಡಿಕೆ ತೋಟಕ್ಕೂ

ಡಿಸ್ಕ್ ಗಾಲ್ಫ್ ಎಂದರೆ ತಟ್ಟೆಯಂಥ ಡಿಸ್ಕನ್ನು ಆದಷ್ಟು ಕಡಿಮೆ ಎಸೆತಗಳಲ್ಲಿ ಗುರಿಯ ಬುಟ್ಟಿಗೆ ಸೇರಿಸುವ ಆಟ. ಅದನ್ನು ಆಡಬೇಕೆಂದು ಬರುವ ಹುಡುಗರ ಮೊದಲ ಪ್ರಶ್ನೆ ಯಾವಾಗಲೂ ಒಂದೇ: "ಎಲ್ಲಕ್ಕಿಂತ ದೂರ ಹೋಗುವ ಡಿಸ್ಕ್ ಯಾವುದು ಅಕ್ಕೋರೆ?" ದೂರ ಹೋದದ್ದನ್ನು ಹುಡುಕಿ ತರುವವರು ಯಾರಪ್ಪ ಎಂದು ನಾನು ತಿರುಗಿ ಕೇಳುತ್ತೇನೆ. ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಒಂದು ಬದಿಗೆ ಸಮುದ್ರ, ಇನ್ನೊಂದು ಬದಿಗೆ ಕಾನು, ನಡುವೆ ನೀರು ಹರಿಯಲು ಕಾದಿಗೆ ತೋಡಿದ ಅಡಿಕೆ ತೋಟ. ಇಲ್ಲಿ ಡಿಸ್ಕ್ ಸವೆದು ಹಾಳಾಗುವುದು ಅಪರೂಪ, ಕಾಣೆಯಾಗುವುದೇ ಹೆಚ್ಚು. ಹಾಗಾಗಿ ಬೆಲೆಯನ್ನು ಅಂಗಡಿಯ ಚೀಟಿಯಿಂದ ಲೆಕ್ಕ ಹಾಕಬಾರದು. ಕಡಿಮೆ ದುಡ್ಡಿಗೆ ಬಂದು ಎರಡನೆಯ ಎಸೆತಕ್ಕೇ ಅಲೆಯ ಪಾಲಾದ ಡಿಸ್ಕ್ ತುಂಬಾ ದುಬಾರಿಯದು.

ನಾನು ಕುಮಟಾ ತಾಲ್ಲೂಕಿನ ಹೈಸ್ಕೂಲೊಂದರಲ್ಲಿ ದೈಹಿಕ ಶಿಕ್ಷಕಿಯಾಗಿದ್ದು ನಿವೃತ್ತಳಾದವಳು. ಹೆಣ್ಣುಮಕ್ಕಳಿಗೆ 1 ಕಿಲೋ ತೂಕದ ಚಕ್ರ ಎಸೆಯಲು ಕಲಿಸಿದ ಕೈ ಇದು. ಗಾಲ್ಫ್ ಡಿಸ್ಕ್ ಸಾಮಾನ್ಯವಾಗಿ 180 ಗ್ರಾಂ ಕೂಡ ತೂಗುವುದಿಲ್ಲ ಎಂದಾಗ ಇದೇನು ಮಕ್ಕಳಾಟ ಎನ್ನಿಸಿತ್ತು. ಆದರೆ ಚಕ್ರ ತೋಳಿನ ಬಲವನ್ನು ಕೇಳಿದರೆ, ಈ ಡಿಸ್ಕ್ ಕೈಬಿಡುವ ಕೋನವನ್ನು ಕೇಳುತ್ತದೆ. ಮಗಳ ಮನೆ ಕಾರವಾರದಲ್ಲಿ, ತವರು ಶಿರಸಿ ಪಕ್ಕದ ಹಳ್ಳಿಯಲ್ಲಿ. ದಂಡೆಯಲ್ಲೂ ಆಡುತ್ತೇನೆ, ಹುಲ್ಲು ಬೆಳೆಯುವ ಗುಡ್ಡ, ಅಂದರೆ ಬೇಣದಲ್ಲೂ ಆಡುತ್ತೇನೆ. ಮುಂದೆ ಬರೆದಿರುವುದು ಈ ಎರಡು ಜಾಗಗಳಿಗೆ ಹೊಂದುವ ಮಾತು.

ಮೊದಲು ಒಂದು ಗೊಂದಲ ತೀರಿಸಿಬಿಡೋಣ. ಆಟಿಕೆ ಅಂಗಡಿಯಲ್ಲಿ ತೂಗುಹಾಕಿರುವ ಫ್ರಿಸ್ಬೀ ಈ ಆಟಕ್ಕೆ ಬರುವುದಿಲ್ಲ. ತಂಡ ಕಟ್ಟಿ ಆಡುವ ಅಲ್ಟಿಮೇಟ್ ಆಟದ ಡಿಸ್ಕ್ ಕೂಡ ಬೇರೆ. ಅದು 175 ಗ್ರಾಂ ತೂಕ, ಸುಮಾರು 27 ಸೆಂಟಿಮೀಟರ್ ಅಗಲ, ಅಂಚು ದುಂಡಗೆ. ಗಾಲ್ಫ್ ಡಿಸ್ಕ್ ಚಿಕ್ಕದು, ಸಾಮಾನ್ಯವಾಗಿ 21ರಿಂದ 22 ಸೆಂಟಿಮೀಟರ್ ಅಗಲ. ಅದರ ಅಂಚು ಒಳಗಡೆಗೆ ದಪ್ಪ, ಹೊರಗಡೆಗೆ ಚೂಪು. ಈ ಆಟದ ನಿಯಮಗಳನ್ನು ನೋಡಿಕೊಳ್ಳುವ ಸಂಸ್ಥೆ ಪಿಡಿಜಿಎ. ಅಮೆರಿಕದಲ್ಲಿ 1976ರಲ್ಲಿ ಎಡ್ ಹೆಡ್ರಿಕ್ ಹುಟ್ಟುಹಾಕಿದ್ದು. ಅದರ ಕಟ್ಟಳೆ ಪ್ರಕಾರ ಅಗಲದ ಪ್ರತಿ ಸೆಂಟಿಮೀಟರಿಗೆ 8.3 ಗ್ರಾಂಗಿಂತ ಹೆಚ್ಚು ತೂಕ ಇರಕೂಡದು. ಆದ್ದರಿಂದಲೇ ಡಿಸ್ಕ್‌ಗಳ ತೂಕ 175ರ ಆಸುಪಾಸಿಗೆ ಬಂದು ನಿಲ್ಲುತ್ತದೆ.

ಡಿಸ್ಕ್‌ನ ಮೇಲೆ ಸಾಮಾನ್ಯವಾಗಿ ನಾಲ್ಕು ಅಂಕಿಗಳಿರುತ್ತವೆ: ಸ್ಪೀಡ್, ಗ್ಲೈಡ್, ಟರ್ನ್, ಫೇಡ್. ಸ್ಪೀಡ್ ಎಂದರೆ ಡಿಸ್ಕ್ ತಾನಾಗಿ ಓಡುವ ವೇಗ ಎಂದುಕೊಂಡು ಮೋಸಹೋಗಬೇಡಿ. ಸರಿಯಾಗಿ ಹಾರಬೇಕಾದರೆ ನೀವು ಅದಕ್ಕೆ ಎಷ್ಟು ವೇಗ ಕೊಡಬೇಕು ಎಂಬುದರ ಸೂಚನೆ ಅದು. ಗ್ಲೈಡ್ ಎಂದರೆ ಗಾಳಿಯಲ್ಲಿ ನಿಲ್ಲುವ ಗುಣ. ಬಲಗೈಯವರು ಬ್ಯಾಕ್‌ಹ್ಯಾಂಡ್, ಅಂದರೆ ಕೈಯನ್ನು ಎದೆಗೆ ಅಡ್ಡವಾಗಿ ಎಡಕ್ಕೆ ಒಯ್ದು ಎಸೆದಾಗ ಡಿಸ್ಕ್ ಮೊದಲ ರಭಸದಲ್ಲಿ ಬಲಕ್ಕೆ ಹೊರಳುವುದು ಟರ್ನ್. ಇದನ್ನು ಮೈನಸ್ ಅಂಕಿಯಲ್ಲಿ ಬರೆಯುತ್ತಾರೆ. ವೇಗ ಇಳಿದ ಮೇಲೆ ಎಡಕ್ಕೆ ಬಾಗಿ ನೆಲ ಸೇರುವುದು ಫೇಡ್. ಎಡಗೈಯವರಿಗೆ ಎಲ್ಲವೂ ತಿರುಗುಮುರುಗು. ಈ ಅಂಕಿಗಳನ್ನು ಕೊಡುವವರು ತಯಾರಕರೇ. ಆದ್ದರಿಂದ ಒಂದು ಕಂಪನಿಯ 5ನ್ನು ಇನ್ನೊಂದು ಕಂಪನಿಯ 5ರ ಜೊತೆ ಕೂದಲೆಳೆಯಷ್ಟು ಲೆಕ್ಕದಲ್ಲಿ ಹೋಲಿಸುತ್ತ ಕೂರಬೇಡಿ.

ಇನ್ನೋವಾ ಕಂಪನಿಯ ಡೆಸ್ಟ್ರಾಯರ್ ಎಂಬ ಡ್ರೈವರ್ (ದೂರದ ಎಸೆತದ ಡಿಸ್ಕ್) ಮೇಲೆ 12, 5, -1, 3 ಎಂದಿರುತ್ತದೆ. ಹೆಸರೇ ಹುಡುಗರ ತಲೆ ಕೆಡಿಸುವಂಥದ್ದು. ಹೊಸಬರ ಕೈಯಿಂದ ಆ 12ರ ವೇಗ ಹೊರಡುವುದಿಲ್ಲ. ವೇಗ ಸಿಗದ ಡಿಸ್ಕ್‌ಗೆ ಟರ್ನ್ ಹುಟ್ಟುವುದೇ ಇಲ್ಲ, ನೇರವಾಗಿ ಫೇಡ್‌ಗೆ ಇಳಿಯುತ್ತದೆ. ಹೊರಟ ಸ್ವಲ್ಪ ಹೊತ್ತಿಗೇ ಎಡಕ್ಕೆ ಮುಗ್ಗರಿಸಿ ಪೊದೆ ಸೇರುತ್ತದೆ. ಅದೇ ಕೈ ಡಿಸ್ಕ್ರಾಫ್ಟ್ ಕಂಪನಿಯ ಬಜ್ ಎಂಬ ಮಿಡ್‌ರೇಂಜ್, ಅಂದರೆ ನಡುದೂರದ ಡಿಸ್ಕನ್ನು (5, 4, -1, 1) ಎಸೆದರೆ ಹೆಚ್ಚು ದೂರ, ಅದಕ್ಕಿಂತ ಮುಖ್ಯವಾಗಿ ಹೆಚ್ಚು ನೇರ ಹೋಗುತ್ತದೆ. ನೇರ ಹೋದದ್ದು ಸಿಗುತ್ತದೆ.

ಹಾಗಾದರೆ ಕೊಳ್ಳಬೇಕಾದದ್ದು ಎಷ್ಟು? ಎರಡು. ಹತ್ತಿರದ ಎಸೆತದ ಪಟ್ಟರ್ ಒಂದು, ಮಿಡ್‌ರೇಂಜ್ ಒಂದು. ಪಟ್ಟರ್‌ಗಳಲ್ಲಿ ಇನ್ನೋವಾದ ಏವಿಯಾರ್ ಹಳೆಯ ಹುಲಿ, 1980ರ ದಶಕದಿಂದ ನಡೆದುಬಂದದ್ದು. ಡೈನಾಮಿಕ್ ಡಿಸ್ಕ್ಸ್‌ನ ಜಡ್ಜ್ ಕೂಡ ಆಗಬಹುದು. ಮಿಡ್‌ರೇಂಜ್‌ಗೆ ಬಜ್ ಇಲ್ಲವೇ ಇನ್ನೋವಾದ ಮೇಕೋ3. ಇನ್ನೋವಾದ ಮೂರು ಡಿಸ್ಕ್‌ಗಳ ಸೆಟ್ ಒಂದಿದೆ: ಏವಿಯಾರ್, ಶಾರ್ಕ್, ಲೆಪರ್ಡ್. ಅಗ್ಗದ ಪ್ಲಾಸ್ಟಿಕ್ಕಿನವು, ತೂಕ ಕಡಿಮೆ. ಬಿಡಿಬಿಡಿಯಾಗಿ ಕೊಳ್ಳುವುದಕ್ಕಿಂತ ಅದು ಲಾಭ, ಒಂದೇ ಸಾಗಣೆ ವೆಚ್ಚದಲ್ಲಿ ಮೂರು ಬರುತ್ತವೆ. ಮನೆಯಲ್ಲಿ ಮಕ್ಕಳೂ ಆಡುವುದಿದ್ದರೆ ಕಣ್ಣು ಮುಚ್ಚಿ ಅದನ್ನೇ ತರಿಸಿ. ಬೆನ್ನಿಗೆ ಹಾಕುವ ವಿಶೇಷ ಚೀಲ, ಗುರುತು ಹಾಕುವ ಪುಟ್ಟ ಡಿಸ್ಕ್ ಇವೆಲ್ಲ ಬೇಡ. ಅಕ್ಕಿ ತರುವ ಬಟ್ಟೆ ಚೀಲ ಸಾಕು.

ಪಟ್ಟರ್ ಎಂದರೆ ಹತ್ತಿರದಿಂದ ಬುಟ್ಟಿಗೆ ಹಾಕುವುದಕ್ಕೆ ಮಾತ್ರ ಎಂದು ತಿಳಿದವರಿದ್ದಾರೆ. ತೋಟದೊಳಗೆ ನಾನು ಆಡುವುದೆಲ್ಲ ಪಟ್ಟರ್‌ನಿಂದಲೇ. ಅಡಿಕೆ ಮರಗಳ ಸಾಲಿನ ನಡುವೆ ಡಿಸ್ಕ್ ಹೊರಳಲು ಜಾಗವೆಲ್ಲಿದೆ? ನಿಧಾನವಾಗಿ, ನೆಟ್ಟಗೆ ಹೋಗಿ ಬೀಳುವುದೇ ಬೇಕು. ಬುಟ್ಟಿಯ ಚಿಂತೆಯೂ ಬೇಡ. ಸರಪಳಿ ಬುಟ್ಟಿಯನ್ನು ಹೆಡ್ರಿಕ್ 1970ರ ದಶಕದ ನಡುವಿನಲ್ಲಿ ರೂಪಿಸುವ ತನಕ ಅಲ್ಲಿಯವರೂ ಮರ, ಕಂಬ, ಕಸದ ಡಬ್ಬಿಗಳನ್ನೇ ಗುರಿಯಾಗಿಟ್ಟು ಆಡುತ್ತಿದ್ದರು. ನಮ್ಮಲ್ಲಿ ಒಂದು ಹೆಡಿಗೆಯನ್ನು ಕಲ್ಲಿನ ಮೇಲೆ ಇಟ್ಟರೆ ಮುಗಿಯಿತು. ಕೊಯ್ಲಿನ ಹೊತ್ತಿನಲ್ಲಿ ಹೆಡಿಗೆ ಕೇಳಲು ಹೋಗಬೇಡಿ, ಬೈಸಿಕೊಳ್ಳುತ್ತೀರಿ.

ಇನ್ನು ಪ್ಲಾಸ್ಟಿಕ್ಕು. ಒಂದೇ ಅಚ್ಚಿನ ಡಿಸ್ಕ್ ಹಲವು ಬಗೆಯ ಪ್ಲಾಸ್ಟಿಕ್ಕಿನಲ್ಲಿ ಬರುತ್ತದೆ, ಬೆಲೆಯ ಅಂತರವೆಲ್ಲ ಅಲ್ಲಿಯೇ ಇರುವುದು. ಅಗ್ಗದ್ದು ಇನ್ನೋವಾದಲ್ಲಿ ಡಿಎಕ್ಸ್, ಡಿಸ್ಕ್ರಾಫ್ಟ್‌ನಲ್ಲಿ ಪ್ರೊ-ಡಿ, ಲ್ಯಾಟಿಟ್ಯೂಡ್ 64ರಲ್ಲಿ ರೆಟ್ರೊ. ದುಬಾರಿಯವು ಚಾಂಪಿಯನ್, ಸ್ಟಾರ್, ಝೆಡ್, ಇಎಸ್‌ಪಿ, ಗೋಲ್ಡ್, ಆಪ್ಟೊ ಇತ್ಯಾದಿ. ಅಮೆರಿಕದಲ್ಲಿ ಅಗ್ಗದ್ದಕ್ಕೆ ಸುಮಾರು 10 ಡಾಲರ್, ದುಬಾರಿಯದಕ್ಕೆ ಹೆಚ್ಚುಕಡಿಮೆ ಅದರ ಎರಡು ಪಟ್ಟು. ಅಗ್ಗದ ಪ್ಲಾಸ್ಟಿಕ್ಕು ಕೈಗೆ ಚೆನ್ನಾಗಿ ಹಿಡಿಯುತ್ತದೆ, ಆದರೆ ಚಿರೆಕಲ್ಲಿನ ಪಾಗಾರಕ್ಕೆ ನಾಲ್ಕು ಸಲ ಬಡಿದರೆ ಅಂಚು ಕಚ್ಚುಕಚ್ಚಾಗುತ್ತದೆ. ಅಂಚು ಹೋದ ಡಿಸ್ಕ್ ಬರಬರುತ್ತ ಬಲಕ್ಕೆ ಹೊರಳುವುದು ಹೆಚ್ಚು. ನನ್ನ ತೀರ್ಮಾನ ಇದು: ಪಟ್ಟರ್ ಅಗ್ಗದ್ದಿರಲಿ, ಏಕೆಂದರೆ ಅದರಲ್ಲಿ ಹಿಡಿತವೇ ಮುಖ್ಯ, ಪೆಟ್ಟಿನ ರಭಸವೂ ಕಡಿಮೆ. ಹೆಚ್ಚಿನ ದುಡ್ಡನ್ನು ಮಿಡ್‌ರೇಂಜ್‌ಗೆ ಹಾಕಿ. ಮರಕ್ಕೂ ಕಲ್ಲಿಗೂ ಜೋರಾಗಿ ಬಡಿಯುವುದು ಅದೇ. ಶಿರಸಿಯ ಮಳೆಗಾಲದಲ್ಲಿ ಗಾಜಿನಂತೆ ಹೊಳೆಯುವ ಗಟ್ಟಿ ಪ್ಲಾಸ್ಟಿಕ್ಕು ಒದ್ದೆ ಕೈಯಿಂದ ಜಾರುತ್ತದೆ. ಆ ಕಡೆಯವರು ದುಬಾರಿ ಪ್ಲಾಸ್ಟಿಕ್ಕಿನಲ್ಲೂ ಸ್ಟಾರ್, ಇಎಸ್‌ಪಿ, ಗೋಲ್ಡ್ ಕಡೆಗೆ ಹೋಗುವುದು ಒಳ್ಳೆಯದು.

ಬಣ್ಣದ ವಿಷಯವನ್ನು ಯಾರೂ ಗಂಭೀರವಾಗಿ ತೆಗೆದುಕೊಳ್ಳುವುದಿಲ್ಲ. ನನ್ನ ಲೆಕ್ಕದಲ್ಲಿ ಡಿಸ್ಕ್‌ನ ಅರ್ಧ ಬೆಲೆ ಅದರ ಬಣ್ಣದ್ದು. ಹಸಿರು ಬೇಡವೆಂದು ಹೇಳಬೇಕಾಗಿಲ್ಲ. ಹಳದಿ ಚೆನ್ನಾಗಿ ಕಾಣುತ್ತದೆಂದು ತರಿಸಿದರೆ, ಬೇಸಿಗೆಯಲ್ಲಿ ಒಣ ಎಲೆಯ ದರಕಿನ ನಡುವೆ, ಬಿದ್ದ ಅಡಿಕೆ ಹಾಳೆಯ ಪಕ್ಕದಲ್ಲಿ ಕಾಲಿಗೆ ಸಿಕ್ಕರೂ ಕಣ್ಣಿಗೆ ಸಿಗುವುದಿಲ್ಲ. ಕೆಂಪು ಮತ್ತು ಕಿತ್ತಳೆ ನಮ್ಮ ಕೆಮ್ಮಣ್ಣಿನಲ್ಲಿ ಮಾಯ. ಬಿಳಿ ನೊರೆಯಲ್ಲಿ ಮಾಯ. ನೀಲಿ ದಂಡೆಯ ಮರಳಿನ ಮೇಲೆ ಪರವಾಗಿಲ್ಲ, ತೋಟದ ನೆರಳಿನಲ್ಲಿ ಕಷ್ಟ. ಕಣ್ಣು ಕುಕ್ಕುವ ಗುಲಾಬಿ ಒಂದೇ ಎಲ್ಲ ಕಡೆಗೂ ಸಲ್ಲುತ್ತದೆ. ಗಂಡುಹುಡುಗರು ಮುಖ ಸಿಂಡರಿಸುತ್ತಾರೆ. ಸಿಂಡರಿಸಲಿ, ಡಿಸ್ಕ್ ಮನೆಗೆ ಬರುತ್ತದೆ. ಬಣ್ಣ ಆರಿಸಲು ಬಿಡದೆ ಇದ್ದದ್ದನ್ನು ಕಳುಹಿಸುವ ಮಾರಾಟಗಾರರಿಂದ ಕೊಳ್ಳಬೇಡಿ, ಬೆಲೆಯಲ್ಲಿ ಸ್ವಲ್ಪ ಕಡಿಮೆಯಿದ್ದರೂ.

ಕಾರವಾರದ ರವೀಂದ್ರನಾಥ ಟ್ಯಾಗೋರ್ ಕಡಲತೀರದಲ್ಲಿ ಆಡುವವರಿಗೆ ಎರಡು ಮಾತು ಹೆಚ್ಚುವರಿ. ಡಿಸ್ಕ್‌ಗಳಲ್ಲಿ ಹೆಚ್ಚಿನವು ನೀರಿನಲ್ಲಿ ಮುಳುಗುತ್ತವೆ. ತೇಲುವಂತೆಯೇ ಮಾಡಿದ ಕೆಲವಿವೆ: ಇನ್ನೋವಾದ ಹೈಡ್ರಾ ಎಂಬ ಪಟ್ಟರ್, ಡ್ರಾಗನ್ ಎಂಬ ಡ್ರೈವರ್. ಅಘನಾಶಿನಿಯ ಅಥವಾ ಕಾಳಿಯ ಹಿನ್ನೀರಿನ ಬದಿಯಲ್ಲಿ ಆಡುವುದಾದರೆ ಹೈಡ್ರಾಕ್ಕೆ ದುಡ್ಡು ಹಾಕಬಹುದು. ತೆರೆದ ಕಡಲಿಗೆ ಅದೂ ವ್ಯರ್ಥ, ತೇಲುತ್ತ ಹೋಗುವುದನ್ನು ನೋಡುತ್ತ ನಿಲ್ಲಬೇಕು ಅಷ್ಟೇ. ಅಲ್ಲಿ ದುಡ್ಡು ಉಳಿಸುವುದು ನೀವು ಆಡುವ ದಿಕ್ಕು. ಬಲಗೈಯವರ ಡಿಸ್ಕ್ ಕೊನೆಗೆ ಎಡಕ್ಕೆ ಬಾಗುತ್ತದೆಯಲ್ಲ? ಉತ್ತರದ ಕಾಳಿ ಸೇತುವೆಯ ಕಡೆಯಿಂದ ದಕ್ಷಿಣದ ಬೈತಖೋಲದ ಕಡೆಗೆ ಆಡುತ್ತ ಹೋಗಿ. ಆಗ ಸಮುದ್ರ ಬಲಕ್ಕಿರುತ್ತದೆ, ಫೇಡ್ ಡಿಸ್ಕನ್ನು ದಡದ ಕಡೆಗೆ ತರುತ್ತದೆ. ಮಧ್ಯಾಹ್ನದ ಕಡಲಗಾಳಿಯೂ ಅದೇ ಕಡೆಗೆ ತಳ್ಳುತ್ತದೆ. ಎಡಗೈಯವರು ಬೈತಖೋಲದಿಂದ ಹೊರಡಲಿ.

ಗಾಳಿಯ ಕಾರಣಕ್ಕೇ ತೂಕದ ಮಾತು ಬರುತ್ತದೆ. ಹೊಸಬರಿಗೆ 150ರಿಂದ 165 ಗ್ರಾಂ ಹಗುರ ಡಿಸ್ಕ್ ಸುಲಭ ಎನ್ನುವುದು ನಿಜ, ತೋಟಕ್ಕೂ ಬೇಣಕ್ಕೂ ಅದು ಸರಿ. ದಂಡೆಯಲ್ಲಿ ಹಗುರದ್ದು ಗಾಳಿ ಹೇಳಿದ ಮಾತು ಕೇಳುತ್ತದೆ. ಎದುರುಗಾಳಿಯಲ್ಲಿ ಡಿಸ್ಕ್‌ಗೆ ಸಿಗುವ ಗಾಳಿಯ ವೇಗ ಹೆಚ್ಚು, ಆದ್ದರಿಂದ ಟರ್ನ್ ಹೆಚ್ಚಾಗಿ ಬಲಕ್ಕೆ ಹೊರಳಿಬಿಡುತ್ತದೆ. ಬೆನ್ನ ಹಿಂದಿನ ಗಾಳಿಯಲ್ಲಿ ಇದರ ಉಲ್ಟಾ, ಬೇಗ ಎಡಕ್ಕೆ ಇಳಿಯುತ್ತದೆ. ಕಾರವಾರದವರು 170 ಗ್ರಾಂ ಮೇಲಿನದನ್ನು, ಟರ್ನ್ ಸೊನ್ನೆ ಇರುವುದನ್ನು ನೋಡಿ ಕೊಳ್ಳಲಿ. ಇನ್ನೋವಾದ ಶಾರ್ಕ್‌ಗೆ (4, 4, 0, 2) ಆ ಗುಣವಿದೆ.

ಹಳೆಯ ಡಿಸ್ಕ್ ಕೊಳ್ಳುವುದರಲ್ಲಿ ಅವಮಾನವೇನೂ ಇಲ್ಲ. ಬೆಂಗಳೂರಿನಲ್ಲಿ ಆಡಿ ಬಿಟ್ಟವರ ಹತ್ತಿರ, ವಿದೇಶದಿಂದ ಮರಳಿದವರ ಹತ್ತಿರ ಸಿಗುತ್ತವೆ. ಆದರೆ ಮೀನು ಕೊಳ್ಳುವವಳು ಕಿವಿರು ಎತ್ತಿ ನೋಡುವ ಹಾಗೆ ಡಿಸ್ಕನ್ನು ಮಗುಚಿ ಅಂಚನ್ನು ನೋಡಬೇಕು. ಮೇಲಿನ ಚಿತ್ರ ಅಳಿಸಿಹೋಗಿದ್ದರೆ ಚಿಂತೆಯಿಲ್ಲ, ಅದರಿಂದಲೇ ಬೆಲೆ ಇಳಿಸಿ ಕೇಳಬಹುದು. ಬೆರಳಿನಿಂದ ಅಂಚನ್ನು ಸುತ್ತಲೂ ಸವರಿ. ಉಗುರಿಗೆ ಸಿಗುವ ಸಣ್ಣ ಗೀರುಗಳು ಪರವಾಗಿಲ್ಲ, ಕಚ್ಚಿ ಎದ್ದ ತುಣುಕಿದ್ದರೆ ಬೇಡ. ಅಚ್ಚಿನ ಉಬ್ಬು ಇಲ್ಲವೇ ಸಣ್ಣ ಗೀರನ್ನು ಉಪ್ಪುಕಾಗದದಿಂದ ಹದವಾಗಿ ತಿಕ್ಕಲು ನಿಯಮದಲ್ಲೂ ಅವಕಾಶವಿದೆ. ಬಿಸಿಲಿನ ಕಾರಿನಲ್ಲಿ ಬಿಟ್ಟು ಸೊಟ್ಟಗಾದದ್ದು ಸಿಕ್ಕರೆ ಬಿಸಿನೀರಿನಲ್ಲಿ ಸ್ವಲ್ಪ ಹೊತ್ತು ಇಟ್ಟು, ಮಟ್ಟಸವಾದ ನೆಲದ ಮೇಲೆ ಆರಲು ಬಿಟ್ಟರೆ ಬಹುಮಟ್ಟಿಗೆ ಸರಿಹೋಗುತ್ತದೆ.

ಅಂಕಿಗಳು ಅಳಿಸಿಹೋದ ಡಿಸ್ಕ್‌ನ ಜಾತಿ ತಿಳಿಯಲು ಮಕ್ಕಳ ಕಂಪಾಸ್ ಪೆಟ್ಟಿಗೆಯ ಅಳತೆಪಟ್ಟಿ ಸಾಕು. ಮಗುಚಿ ಹಿಡಿದು ಅಂಚಿನ ಅಗಲವನ್ನು, ಅಂದರೆ ಬೆರಳು ಊರುವ ಒಳಗೋಡೆಯಿಂದ ಹೊರತುದಿಯವರೆಗೆ ಅಳೆಯಿರಿ. ಸುಮಾರು 1 ಸೆಂಟಿಮೀಟರ್ ಇದ್ದರೆ ಪಟ್ಟರ್. 1.3ರ ಹತ್ತಿರವಿದ್ದರೆ ಮಿಡ್‌ರೇಂಜ್. 1.6ರಿಂದ 1.9 ಇದ್ದರೆ ನಡುದೂರಕ್ಕಿಂತ ತುಸು ಹೆಚ್ಚು ಹೋಗುವ ಫೇರ್‌ವೇ ಡ್ರೈವರ್. 2 ದಾಟಿದ್ದರೆ ದೂರದ ಡ್ರೈವರ್, ಎಷ್ಟೇ ಅಗ್ಗಕ್ಕೆ ಕೊಟ್ಟರೂ ಕೈ ಮುಗಿದು ಬನ್ನಿ. ನಿಯಮದಲ್ಲಿ 2.6ರ ಮೇಲೆ ಇರುವಂತೆಯೇ ಇಲ್ಲ.

ಹೊಸದನ್ನೇ ಅಗ್ಗಕ್ಕೆ ಪಡೆಯುವ ದಾರಿಯೂ ಉಂಟು. ಚಿತ್ರ ಸರಿಯಾಗಿ ಕೂರದ, ಬಣ್ಣ ಕಲಸಿಹೋದ ಡಿಸ್ಕ್‌ಗಳನ್ನು ತಯಾರಕರು ಎರಡನೆಯ ದರ್ಜೆ ಎಂದು ಬೇರ್ಪಡಿಸಿ ಕಡಿಮೆ ಬೆಲೆಗೆ ಮಾರುತ್ತಾರೆ. ಇನ್ನೋವಾದಲ್ಲಿ ಅದರ ಗುರುತು ಎಫ್2, ಡಿಸ್ಕ್ರಾಫ್ಟ್‌ನಲ್ಲಿ ಎಕ್ಸ್-ಔಟ್. ಬಹುತೇಕ ದೋಷ ನೋಟದ್ದೇ ಹೊರತು ಹಾರಾಟದ್ದಲ್ಲ. ಶಿರಸಿ ಸೀಮೆಯಲ್ಲಿ ಅಮೆರಿಕದಲ್ಲಿ ಮಗನೋ ಸೊಸೆಯೋ ಇಲ್ಲದ ಮನೆ ಹುಡುಕಬೇಕು. ಅವರು ರಜೆಗೆ ಬರುವಾಗ ಚಾಕಲೇಟಿನ ಬದಲು ಮೂರು ಡಿಸ್ಕ್ ತರಲಿ. ಮೂರೂ ಸೇರಿ ಅರ್ಧ ಕಿಲೋ ತೂಕ, ಪೆಟ್ಟಿಗೆಯ ತಳದಲ್ಲಿ ಚಪ್ಪಟೆಯಾಗಿ ಕೂರುತ್ತವೆ. ಅಂತರ್ಜಾಲದಲ್ಲಿ ತರಿಸುವವರು ನಾಲ್ಕೈದು ಜನ ಒಟ್ಟಾಗಿ ತರಿಸಿ, ಸಾಗಣೆ ಮತ್ತು ಸುಂಕ ಸೇರಿದ ಮೇಲಿನ ಮೊತ್ತವನ್ನು ನೋಡಿ. ಹೆಸರಿಲ್ಲದ ಸೆಟ್‌ಗಳು ಕಂಡರೆ ಅಚ್ಚಿನ ಹೆಸರು, ತೂಕ, ಪಿಡಿಜಿಎ ಒಪ್ಪಿಗೆಯ ಉಲ್ಲೇಖ ಇವೆಯೇ ಎಂದು ನೋಡಿ. ಮೂರೂ ಇಲ್ಲದಿದ್ದರೆ ಅದು ಆಟಿಕೆ.

ಬಂದ ದಿನವೇ ಒಳಬದಿಯಲ್ಲಿ ಅಳಿಸದ ಶಾಯಿಯ ಪೆನ್ನಿನಿಂದ ನಿಮ್ಮ ಹೆಸರು, ಫೋನ್ ಸಂಖ್ಯೆ ಬರೆಯಿರಿ. ದಂಡೆಯಲ್ಲಿ ಆಡಿ ಬಂದ ಮೇಲೆ ಸಿಹಿನೀರಿನಲ್ಲಿ ತೊಳೆಯಿರಿ, ಉಪ್ಪು ಮತ್ತು ಮರಳು ಒಣಗಿ ಕೂತರೆ ಹಿಡಿತ ಕೆಡುತ್ತದೆ.

ಮೂರನೆಯ ಡಿಸ್ಕ್ ಯಾವಾಗ? ಹತ್ತಿರದ ಶಾಲೆಯ ಮೈದಾನದಲ್ಲಿ ಕ್ರೀಡಾಕೂಟಕ್ಕೆ ಹಾಕಿದ 100 ಮೀಟರ್ ಓಟದ ಸುಣ್ಣದ ಗೆರೆಗಳು ಇನ್ನೂ ಉಳಿದಿರುವಾಗ ಹೋಗಿ. ಮಿಡ್‌ರೇಂಜ್ ಡಿಸ್ಕನ್ನು ಓಟ ಶುರುವಾಗುವ ಗೆರೆಯಿಂದ ಎಸೆಯಿರಿ. ಓಡುದಾರಿಯ ಮುಕ್ಕಾಲು ಭಾಗ ಮುಟ್ಟಿ, ಪಕ್ಕದ ಗೆರೆಗಳಾಚೆ ಹೆಚ್ಚು ಹೋಗದೆ, ಹತ್ತರಲ್ಲಿ ಏಳು ಸಲ ಬೀಳುವ ಹಾಗಾದರೆ ಇನ್ನೋವಾದ ಲೆಪರ್ಡ್‌ನಂಥ (6, 5, -2, 1) ಒಂದು ಫೇರ್‌ವೇ ಡ್ರೈವರ್ ಕೊಳ್ಳಿ. ಅದೂ ಗುಲಾಬಿಯದೇ.