ಹೊಸ ಲ್ಯಾಪ್‌ಟಾಪ್ ಪರದೆಯ ಅಂಚಿನಲ್ಲಿ ಸೋರುವ ಬೆಳಕು: ನನ್ನ ಅನುಭವ

ಹೊಸ ಲ್ಯಾಪ್‌ಟಾಪಿನ ಪರದೆಯಲ್ಲಿ ಬ್ಯಾಕ್‌ಲೈಟ್, ಅಂದರೆ ಪರದೆಯನ್ನು ಹಿಂದಿನಿಂದ ಬೆಳಗಿಸುವ ಬೆಳಕು, ಸೋರುತ್ತಿದೆ ಎಂದು ದೂರು ಕೊಡುವ ಮೊದಲು, ಕಾಣುತ್ತಿರುವುದು ಸೋರಿಕೆಯೇ ಹೌದೇ ಎಂಬುದನ್ನು ಕೊಂಡವರೇ ಖಚಿತಪಡಿಸಿಕೊಳ್ಳುವುದು ಒಳ್ಳೆಯದು. ನಾನು ಹೆಚ್ಚಾಗಿ ರಾತ್ರಿ ಹೊತ್ತು ಚಲನಚಿತ್ರಗಳಿಗೆ ಕನ್ನಡ ಸಬ್‌ಟೈಟಲ್ ಸಿದ್ಧಪಡಿಸುವವನಾದ್ದರಿಂದ, ಚಿತ್ರದ ಮೇಲೂ ಕೆಳಗೂ ಬರುವ ಕಪ್ಪು ಪಟ್ಟಿಗಳು ಸದಾ ಕಣ್ಣೆದುರಿಗೇ ಇರುತ್ತವೆ. 14 ಇಂಚಿನ ಐಪಿಎಸ್ (ಎಲ್‌ಸಿಡಿಯ ಒಂದು ಬಗೆ) ಪರದೆಯ ಹೊಸ ಯಂತ್ರದಲ್ಲಿ ಕೆಳಗಿನ ಪಟ್ಟಿಯ ಎಡ ತುದಿಗೆ ಬಿಳಿಚಿದ ಒಂದು ಮಚ್ಚೆಯೂ, ಬಲ ಮೂಲೆಯಲ್ಲಿ ಹಳದಿ ಛಾಯೆಯ ಮಂದ ಹೊಳಪೂ ಕಂಡವು. ಇವೆರಡೂ ಒಂದೇ ದೋಷವಲ್ಲ ಎಂಬುದು ಪರೀಕ್ಷಿಸಿದ ಮೇಲೆ ತಿಳಿಯಿತು.

ಎಲ್‌ಸಿಡಿ ಪರದೆ ತಾನಾಗಿ ಬೆಳಗುವುದಿಲ್ಲ. ಸಾಮಾನ್ಯ ಲ್ಯಾಪ್‌ಟಾಪ್‌ಗಳಲ್ಲಿ ಒಂದು ಅಂಚಿನ, ಹೆಚ್ಚಾಗಿ ಕೆಳ ಅಂಚಿನ ಉದ್ದಕ್ಕೂ ಜೋಡಿಸಿದ ಎಲ್‌ಇಡಿಗಳ ಬೆಳಕನ್ನು ತೆಳುವಾದ ಪಾರದರ್ಶಕ ಹಲಗೆಯೊಂದು ಇಡೀ ಪರದೆಯ ಹಿಂದೆ ಹರಡುತ್ತದೆ. ಅದರ ಮುಂದಿರುವ ದ್ರವಸ್ಫಟಿಕದ ಪದರವು ಬೇಕಾದಲ್ಲಿ ಬೆಳಕನ್ನು ಬಿಟ್ಟು, ಕಪ್ಪು ಬೇಕಾದಲ್ಲಿ ತಡೆಯುತ್ತದೆ. ಈ ತಡೆ ಎಂದೂ ಪೂರ್ಣವಲ್ಲ. ಸಾಮಾನ್ಯ ಐಪಿಎಸ್ ಪ್ಯಾನೆಲ್‌ನ ಕಾಂಟ್ರಾಸ್ಟ್, ಅಂದರೆ ಬಿಳಿಗೂ ಕಪ್ಪಿಗೂ ಇರುವ ಪ್ರಕಾಶದ ಅನುಪಾತ, ಸುಮಾರು 1000:1 ಇರುವುದರಿಂದ, ಬಿಳಿ ಬಣ್ಣ 300 ನಿಟ್ಸ್ (ಪರದೆಯ ಪ್ರಕಾಶದ ಅಳತೆ) ಪ್ರಕಾಶದಲ್ಲಿದ್ದಾಗ ಕಪ್ಪು ಕೂಡ 0.3 ನಿಟ್ಸ್‌ನಷ್ಟು ಬೆಳಗುತ್ತಲೇ ಇರುತ್ತದೆ. ಪ್ರತಿ ಪಿಕ್ಸೆಲ್ ತಾನೇ ಬೆಳಗಿ ಆರುವ ಓಎಲ್‌ಇಡಿಯಲ್ಲಿ ಈ ತೊಂದರೆಯೇ ಇಲ್ಲ. ಐಪಿಎಸ್ ಕೊಂಡವರು ಸ್ವಲ್ಪ ಬೂದು ಬಣ್ಣದ ಕಪ್ಪನ್ನು ಒಪ್ಪಿಕೊಳ್ಳಲೇಬೇಕು. ಆದರೆ ಆ ಬೂದು ಎಲ್ಲೆಡೆ ಸಮನಾಗಿರಬೇಕೆಂದು ನಿರೀಕ್ಷಿಸುವುದು ನ್ಯಾಯವೇ.

ಪರೀಕ್ಷೆಗೆ ನಾನು ಸಂಪೂರ್ಣ ಕಪ್ಪು ಚಿತ್ರವೊಂದನ್ನು ಪರದೆ ತುಂಬ ತೆರೆದು, ಕೋಣೆಯ ದೀಪ ಆರಿಸಿ, ಬ್ರೈಟ್‌ನೆಸ್ ಅನ್ನು ರಾತ್ರಿ ಕೆಲಸಕ್ಕೆ ಇಡುವಷ್ಟೇ ಇಟ್ಟೆ. ಪೂರ್ಣ ಬ್ರೈಟ್‌ನೆಸ್‌ನಲ್ಲಿ ಕಗ್ಗತ್ತಲೆಯೊಳಗೆ ನೋಡಿದರೆ ಬಹುತೇಕ ಐಪಿಎಸ್ ಪರದೆಗಳು ದೋಷಪೂರಿತವಾಗಿಯೇ ತೋರುತ್ತವೆ. ಹಾಗೆ ಯಾರೂ ಕೆಲಸ ಮಾಡುವುದಿಲ್ಲ. ಚಾರ್ಜರ್ ಸಿಕ್ಕಿಸಿಯೇ ನೋಡಿದ್ದಕ್ಕೂ ಕಾರಣವಿದೆ: ಬ್ಯಾಟರಿ ಉಳಿಸುವ ಕೆಲವು ಸೆಟ್ಟಿಂಗ್‌ಗಳು ಚಿತ್ರ ಕಪ್ಪಾದೊಡನೆ ಬ್ಯಾಕ್‌ಲೈಟನ್ನು ತಾವೇ ತಗ್ಗಿಸಿ ಪರೀಕ್ಷೆಯನ್ನು ಕೆಡಿಸುತ್ತವೆ. ಅನಂತರ ತಲೆಯನ್ನು ಅತ್ತಿತ್ತ ಸರಿಸಿ, ಒಂದೆರಡು ಅಡಿ ಹಿಂದಕ್ಕೂ ಹೋಗಿ ನೋಡಿದೆ. ಬಲ ಮೂಲೆಯ ಹಳದಿ ಹೊಳಪು ಬಹುಮಟ್ಟಿಗೆ ಮಾಯವಾಯಿತು. ನೋಡುವ ಕೋನ ಬದಲಾದಂತೆ ಬದಲಾಗುವ ಇದನ್ನು ಐಪಿಎಸ್ ಗ್ಲೋ ಎನ್ನುತ್ತಾರೆ. ಇದು ಆ ಬಗೆಯ ಪ್ಯಾನೆಲ್‌ನ ಸ್ವಭಾವವಾದ್ದರಿಂದ, ಇದಕ್ಕಾಗಿ ಪರದೆ ಬದಲಿಸಿಕೊಂಡರೆ ಹೊಸ ಪರದೆಯಲ್ಲೂ ಅದೇ ಕಾಣುತ್ತದೆ. ಎಡ ಅಂಚಿನ ಮಚ್ಚೆ ಮಾತ್ರ ಎಲ್ಲಿಂದ ನೋಡಿದರೂ ಅಲ್ಲೇ ಇತ್ತು; ನಿಜವಾದ ಸೋರಿಕೆ ಇದೇ.

ಮುಚ್ಚಳವನ್ನು ಬೇರೆ ಬೇರೆ ಕೋನಗಳಲ್ಲಿ ನಿಲ್ಲಿಸಿ ನೋಡಿದಾಗ ಆ ಮಚ್ಚೆ ತುಸು ಹಿಗ್ಗುವುದೂ ಕುಗ್ಗುವುದೂ ಕಂಡಿತು. ಮಚ್ಚೆ ಇದ್ದದ್ದು ಎಡ ಹಿಂಜ್‌ನ ನೇರಕ್ಕೆ. ಅಂದರೆ ಮುಚ್ಚಳದ ಚೌಕಟ್ಟು ಅಲ್ಲೆಲ್ಲೋ ಪ್ಯಾನೆಲನ್ನು ಒತ್ತುತ್ತಿರಬೇಕು ಅಥವಾ ತಿರುಚುತ್ತಿರಬೇಕು ಎಂದು ನಾನು ಊಹಿಸಿದೆ. ಇಂಥಲ್ಲಿ ಮೆತ್ತನೆಯ ಬಟ್ಟೆಯಿಂದ ಪರದೆಯನ್ನು ಉಜ್ಜಿ ಒತ್ತಿದರೆ ಸರಿಹೋಗುತ್ತದೆ ಎಂದು ಹೇಳುವವರಿದ್ದಾರೆ. ನಾನು ಆ ಗೋಜಿಗೆ ಹೋಗಲಿಲ್ಲ. ಒತ್ತಿದಾಗ ಹಿಂದಿನ ತೆಳು ಹಾಳೆಗಳು ಜರುಗಿ ಶಾಶ್ವತವಾದ ಬಿಳಿ ಕಲೆ ಉಳಿಯಬಹುದು, ಗಾಜು ಬಿರಿಯಲೂಬಹುದು. ಆ ಮೇಲೆ ಅದು ಗ್ರಾಹಕರೇ ಮಾಡಿಕೊಂಡ ಹಾನಿಯಾಗಿ ವಾರಂಟಿಯಿಂದ ಹೊರಗುಳಿಯುತ್ತದೆ.

ಫೋಟೋ ತೆಗೆಯುವುದೇ ಸ್ವಲ್ಪ ಕಷ್ಟದ ಕೆಲಸ. ಫೋನಿನ ಕ್ಯಾಮೆರಾ ಕತ್ತಲೆಯಲ್ಲಿ ತಾನಾಗಿ ಎಕ್ಸ್‌ಪೋಷರ್ ಏರಿಸಿ, ಸಣ್ಣ ಮಚ್ಚೆಯನ್ನೂ ಟಾರ್ಚ್ ಬೆಳಕಿನಂತೆ ತೋರಿಸುತ್ತದೆ; ಅಂಥ ಚಿತ್ರವನ್ನು ಸರ್ವೀಸಿನವರು ನಂಬುವುದಿಲ್ಲ, ನಂಬಬೇಕಾಗಿಯೂ ಇಲ್ಲ. ಕ್ಯಾಮೆರಾವನ್ನು ಮ್ಯಾನ್ಯುಯಲ್ ಕ್ರಮಕ್ಕೆ ತಂದು, ಕಣ್ಣಿಗೆ ಕಾಣುವಷ್ಟೇ ಫೋಟೋದಲ್ಲೂ ಕಾಣುವವರೆಗೆ ಎಕ್ಸ್‌ಪೋಷರ್ ಇಳಿಸಿ, ನೇರ ಎದುರಿನಿಂದ ಒಂದು, ಪಕ್ಕದಿಂದ ಒಂದು ಚಿತ್ರ ತೆಗೆದೆ. ಚಲನಚಿತ್ರ ಓಡುತ್ತಿರುವಾಗಲೇ ತೆಗೆದ ಇನ್ನೊಂದನ್ನೂ ಸೇರಿಸಿದೆ. ನಿಜವಾದ ಬಳಕೆಯಲ್ಲಿ ತೊಂದರೆ ಎಷ್ಟೆಂಬುದನ್ನು ಅದು ತೋರಿಸುತ್ತದೆ.

ಬದಲಿ ಕೊಡುವ ಅವಧಿ ಮುಗಿಯುವ ಮೊದಲೇ ಮಾರಾಟಗಾರರಿಗೆ ಬರೆದು ತಿಳಿಸಿದಾಗ, ತಯಾರಕರ ಸರ್ವೀಸ್ ಸೆಂಟರಿನ ವರದಿ ಬೇಕೆಂದರು. ಅಲ್ಲಿನ ಮೊದಲ ಉತ್ತರ, ಇದೆಲ್ಲ ಸಹಜ ಮಿತಿಯೊಳಗೇ ಇದೆ ಎಂದಾಗಿತ್ತು. ಕೆಟ್ಟ ಪಿಕ್ಸೆಲ್‌ಗಳಿಗೆ ಐಎಸ್‌ಒ 9241-307 ಮಾನದಂಡದಲ್ಲಿ ವರ್ಗಗಳಿವೆ; ಬೆಳಕಿನ ಸೋರಿಕೆಯ ವಿಷಯದಲ್ಲಿ ಹಾಗೆ ಎಣಿಸಿ ತೋರಿಸಲು ಬರುವುದಿಲ್ಲವಾದ್ದರಿಂದ ವಾದಕ್ಕೆ ಕೊನೆಯಿರುವುದಿಲ್ಲ. ನನ್ನ ನೆರವಿಗೆ ಬಂದದ್ದು ಮುಚ್ಚಳದ ಕೋನದೊಂದಿಗೆ ಮಚ್ಚೆ ಬದಲಾಗುತ್ತದೆ ಎಂಬ ಅಂಶ. ಅದನ್ನು ಕಣ್ಣಾರೆ ನೋಡಿದ ತಂತ್ರಜ್ಞರು ಇದು ಜೋಡಣೆಯ ದೋಷವೆಂದು ಒಪ್ಪಿ, ಬೆಜೆಲ್ (ಪರದೆಯ ಸುತ್ತಲಿನ ಅಂಚುಪಟ್ಟಿ) ಬಿಚ್ಚಿದರು. ಪ್ಯಾನೆಲನ್ನು ಮುಚ್ಚಳಕ್ಕೆ ಹಿಡಿದಿಡುವ, ಎಳೆದರೆ ಹಿಗ್ಗಿ ಬಿಟ್ಟುಕೊಳ್ಳುವ ಅಂಟುಪಟ್ಟಿ ಎಡಗಡೆ ಸೊಟ್ಟಗೆ ಕೂತು, ಪ್ಯಾನೆಲ್‌ನ ಮೂಲೆಯನ್ನು ಎತ್ತಿ ಹಿಡಿದಿತ್ತು. ಹೊಸ ಪಟ್ಟಿ ಹಾಕಿ ಕೂರಿಸಿದ ಮೇಲೆ ಮಚ್ಚೆ ಹುಡುಕಿದರೆ ಮಾತ್ರ ಸಿಗುವಷ್ಟಾಯಿತು. ಇಡೀ ಯಂತ್ರವನ್ನೇ ಬದಲಿಸಿಕೊಳ್ಳಲು ನಾನು ಒತ್ತಾಯಿಸಲಿಲ್ಲ. ಬರುವ ಇನ್ನೊಂದು ಯಂತ್ರದ ಪರದೆ ಇದಕ್ಕಿಂತ ಚೆನ್ನಾಗಿರುತ್ತದೆಂಬ ಭರವಸೆ ಏನಿದೆ?

ಬಲ ಮೂಲೆಯ ಹೊಳಪು ಹಾಗೆಯೇ ಇದೆ. ಪರದೆಯ ಹಿಂದಿನ ಗೋಡೆಗೆ ಬೆಳಕು ಬೀಳುವಂತೆ 6500 ಕೆಲ್ವಿನ್‌ನ, ಅಂದರೆ ಹಗಲಿನ ಬೆಳಕಿನ ಬಣ್ಣದ, ಸಣ್ಣ ಬಿಳಿ ದೀಪವೊಂದನ್ನಿಟ್ಟು, ಬ್ರೈಟ್‌ನೆಸ್ ತಗ್ಗಿಸಿಕೊಂಡಿದ್ದೇನೆ. ಕಣ್ಣು ಪೂರ್ತಿ ಕತ್ತಲೆಗೆ ಹೊಂದಿಕೊಳ್ಳದ ಕಾರಣ ಕಪ್ಪು ಪಟ್ಟಿಗಳು ಕಪ್ಪಾಗಿಯೇ ತೋರುತ್ತವೆ. ಪ್ಯಾನೆಲ್ ಬಿಚ್ಚಿ ಮರುಜೋಡಿಸಿದ ವಿಷಯವನ್ನು ಸರ್ವೀಸ್ ಸೆಂಟರಿನ ಜಾಬ್ ಶೀಟಿನಲ್ಲಿ (ದುರಸ್ತಿಯ ವಿವರದ ಕಾಗದ) ಬರೆಸಿಕೊಂಡು ಬಿಲ್ಲಿನ ಜೊತೆಗೆ ಇಟ್ಟುಕೊಂಡಿದ್ದೇನೆ. ಅಂಟು ಮತ್ತೆ ಸಡಿಲವಾಗಿ ಮಚ್ಚೆ ಮರಳಿದರೆ, ವಾರಂಟಿಯೊಳಗೆ ಅದೇ ದೂರನ್ನು ಮುಂದುವರಿಸಲು ಆ ಕಾಗದ ಬೇಕಾಗುತ್ತದೆ.