ನ್ಯೂಕ್ಲಿಯರ್ ಮೆಡಿಸಿನ್ ಶಂಟ್ ಸ್ಟಡಿಗೆ ಕೋಡ್ ಹಾಕುವ ಕ್ರಮ

ಅಮೆರಿಕದ ಆಸ್ಪತ್ರೆಗಳ ರಿಪೋರ್ಟುಗಳನ್ನು ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಕುಳಿತು ಕೋಡ್ ಮಾಡುವವರಿಗೆ, ಅಂದರೆ ಬಿಲ್ಲಿಗಾಗಿ ಅವನ್ನು ಸಂಕೇತಗಳಿಗೆ ಇಳಿಸುವವರಿಗೆ, ಶಂಟ್ ಸ್ಟಡಿ ದಿನವೂ ಎದುರಾಗುವ ಕೇಸ್ ಅಲ್ಲ. ದೇಹದ ದ್ರವವನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಸಾಗಿಸುವ ಕೊಳವೆ (ಶಂಟ್) ತೆರೆದಿದೆಯೇ ಎಂದು ವಿಕಿರಣಶೀಲ ಔಷಧ ಕೊಟ್ಟು ನೋಡುವ ಸ್ಕ್ಯಾನ್ ಇದು. ಅಪರೂಪವಾದ್ದರಿಂದಲೇ ಇಲ್ಲಿ ನೆನಪನ್ನು ನಂಬದೆ ರಿಪೋರ್ಟನ್ನು ಸಾಲುಸಾಲಾಗಿ ಓದಬೇಕಾಗುತ್ತದೆ.

ಮೊದಲು ಗಮನಿಸಬೇಕಾದದ್ದು ಶಂಟ್ ಎಲ್ಲಿಂದ ಹೊರಟು ಎಲ್ಲಿಗೆ ಸೇರುತ್ತದೆ ಎಂಬುದನ್ನು. ಹೊಟ್ಟೆಯಲ್ಲಿ ತುಂಬಿದ ನೀರನ್ನು ರಕ್ತನಾಳಕ್ಕೆ ಸಾಗಿಸುವ ಡೆನ್ವರ್ ಅಥವಾ ಲಿವೀನ್ ಶಂಟ್ ತೆರೆದಿದೆಯೇ ಎಂದು ನೋಡಿದ್ದರೆ ಸಿಪಿಟಿ (ಪರೀಕ್ಷೆ, ಚಿಕಿತ್ಸೆಗಳ ಅಮೆರಿಕನ್ ಕೋಡ್ ಪಟ್ಟಿ) 78291. ಮೆದುಳಿನ ಕುಹರದಿಂದ ಹೊಟ್ಟೆಗೆ ಇಳಿಯುವ ವಿಪಿ ಶಂಟ್ ಆಗಿದ್ದರೆ 78645. ಹೃದಯದೊಳಗಿನ ಶಂಟ್ (ಕೊಳವೆಯಲ್ಲ, ರಕ್ತ ಹರಿಯುವ ಅಸಹಜ ದಾರಿ) ಪತ್ತೆಹಚ್ಚುವ 78428 ಬೇರೆಯೇ ಪರೀಕ್ಷೆ. ಎಕ್ಸ್‌ರೇ ಕಾಂಟ್ರಾಸ್ಟ್ ಬಳಸಿದ್ದರೆ ಅದು ನ್ಯೂಕ್ಲಿಯರ್ ಮೆಡಿಸಿನ್ ವಿಭಾಗಕ್ಕೇ ಸೇರುವುದಿಲ್ಲ, 75809ಕ್ಕೆ ಹೋಗುತ್ತದೆ. ರಿಪೋರ್ಟಿನ ಶೀರ್ಷಿಕೆಯಲ್ಲಿ ಬರೀ ‘ಶಂಟ್ ಸ್ಟಡಿ’ ಎಂದಷ್ಟೇ ಇದ್ದರೆ ಟೆಕ್ನಿಕ್ ಭಾಗವನ್ನು (ಪರೀಕ್ಷೆ ಹೇಗೆ ಮಾಡಿದರು ಎಂಬ ವಿವರ) ಓದದೆ ಕೋಡ್ ಆರಿಸಬಾರದು.

ಆ ಭಾಗದಲ್ಲಿ, ಉದಾಹರಣೆಗೆ, ‘ಹೊಟ್ಟೆಯ ಕುಹರಕ್ಕೆ 3 ಮಿಲಿಕ್ಯೂರಿ ಟೆಕ್ನೀಷಿಯಂ ಎಂಎಎ ಚುಚ್ಚಲಾಯಿತು, ಶ್ವಾಸಕೋಶಗಳಲ್ಲಿ ವಿಕಿರಣ ಚಟುವಟಿಕೆ ಕಂಡುಬಂತು’ ಎಂಬ ಅರ್ಥದ ಸಾಲುಗಳಿವೆ ಎಂದುಕೊಳ್ಳೋಣ. (ಮಿಲಿಕ್ಯೂರಿ ಎಂದರೆ ವಿಕಿರಣಶೀಲತೆಯ ಅಳತೆ.) ವಿಕಿರಣಶೀಲ ಟೆಕ್ನೀಷಿಯಂ ಅಂಟಿಸಿದ ಈ ಎಂಎಎ ಪ್ರೋಟೀನ್ ಕಣಗಳು ರಕ್ತಕ್ಕೆ ಸೇರಿದರೆ ಶ್ವಾಸಕೋಶದ ಸೂಕ್ಷ್ಮ ನಾಳಗಳಲ್ಲಿ ಸಿಕ್ಕಿಕೊಳ್ಳುವುದರಿಂದ, ಶಂಟ್ ಕೆಲಸ ಮಾಡುತ್ತಿದೆ ಎಂಬುದಕ್ಕೆ ಅದೇ ಸಾಕ್ಷಿ. ಕೋಡರ್‌ಗೆ ಈ ಎರಡು ಸಾಲುಗಳಲ್ಲಿ ಮೂರು ಸಂಗತಿಗಳು ಸಿಗುತ್ತವೆ: ಸ್ಕ್ಯಾನ್ 78291, ಚುಚ್ಚಿದ್ದಕ್ಕೆ 49427, ಔಷಧಕ್ಕೆ ಎ9540 (‘ಎ’ಯಿಂದ ಶುರುವಾಗುವ ಇವು ಸಿಪಿಟಿಯಲ್ಲ, ಎಚ್‌ಸಿಪಿಸಿಎಸ್ ಎಂಬ ಬೇರೆ ಪಟ್ಟಿಯ ಕೋಡುಗಳು). ವಿಪಿ ಶಂಟ್‌ನಲ್ಲಿ ರಿಸರ್ವಾಯರ್‌ಗೆ (ಚರ್ಮದಡಿಯ ದ್ರವದ ಪುಟ್ಟ ಕೋಶ) ಸೂಜಿ ಹಾಕಿದ್ದರೆ 61070 ಬರುತ್ತದೆ. ಸೂಜಿ ಹಾಕಿದವರು ನ್ಯೂರೋಸರ್ಜನ್, ಸ್ಕ್ಯಾನ್ ಓದಿದವರು ಬೇರೆ ವೈದ್ಯರು ಎಂದಿದ್ದರೆ, ಆ ಕೋಡ್ ಸರ್ಜನ್ ಅವರ ಕ್ಲೇಮಿಗೆ (ವಿಮೆಗೆ ಕಳುಹಿಸುವ ಬಿಲ್) ಸೇರಬೇಕೇ ಹೊರತು ಓದಿದವರ ಕ್ಲೇಮಿಗಲ್ಲ.

ಯೂನಿಟ್ (ಬಿಲ್ಲಿನಲ್ಲಿ ಕೋಡಿನ ಪಕ್ಕ ಬರೆಯುವ ಎಣಿಕೆ) ವಿಷಯದಲ್ಲಿ ವಿಶೇಷ ಎಚ್ಚರ ಬೇಕು. ಎ9540 ‘ಪ್ರತಿ ಸ್ಟಡಿ ಡೋಸ್‌ಗೆ, 10 ಮಿಲಿಕ್ಯೂರಿವರೆಗೆ’ ಎಂಬ ಕೋಡ್ ಆಗಿರುವುದರಿಂದ 3 ಮಿಲಿಕ್ಯೂರಿ ಕೊಟ್ಟರೂ ಯೂನಿಟ್ ಒಂದೇ. ವಿಪಿ ಶಂಟ್‌ಗೆ ಟೆಕ್ನೀಷಿಯಂ ಡಿಟಿಪಿಎ (ಇನ್ನೊಂದು ಸ್ಕ್ಯಾನ್ ಔಷಧ) ಬಳಸಿದಾಗ ಬರುವ ಎ9539 ಕೂಡ ಪ್ರತಿ ಸ್ಟಡಿ ಡೋಸ್‌ನ ಕೋಡೇ. ಆದರೆ ಇಂಡಿಯಂ ಡಿಟಿಪಿಎಗೆ ಇರುವ ಎ9548 ಪ್ರತಿ 0.5 ಮಿಲಿಕ್ಯೂರಿ ಲೆಕ್ಕದ್ದು. 1 ಮಿಲಿಕ್ಯೂರಿ ಕೊಟ್ಟಿದ್ದರೆ 2 ಯೂನಿಟ್ ಹಾಕಬೇಕು. ಡೋಸ್ ಬರೆಯದ ರಿಪೋರ್ಟನ್ನು ಊಹೆಯ ಮೇಲೆ ಮುಗಿಸದೆ ವೈದ್ಯರಿಗೆ ಕ್ವೆರಿ (ವಿವರ ಕೇಳುವ ಪ್ರಶ್ನೆ) ಕಳುಹಿಸುವುದೇ ಸರಿ.

ಆಸ್ಪತ್ರೆಯ ಯಂತ್ರದಲ್ಲಿ ಸ್ಕ್ಯಾನ್ ಆಗಿದ್ದರೆ ವೈದ್ಯರ ಕ್ಲೇಮಿನಲ್ಲಿ 78291ಕ್ಕೆ 26 ಮಾಡಿಫೈಯರ್ (ಬಿಲ್ ವೈದ್ಯರ ಕೆಲಸಕ್ಕಷ್ಟೇ ಎಂದು ಕೋಡಿನ ಕೊನೆಗೆ ಸೇರಿಸುವ ಸೂಚನೆ) ಸೇರಿಸಬೇಕು. 49427ಕ್ಕೆ ಅದು ಬೇಡ, ಏಕೆಂದರೆ ಆ ಕೋಡ್ ಪ್ರೊಫೆಷನಲ್ (ವೈದ್ಯರ ಕೆಲಸ) ಮತ್ತು ಟೆಕ್ನಿಕಲ್ (ಯಂತ್ರ, ಸಿಬ್ಬಂದಿ) ಎಂದು ಒಡೆಯುವುದಿಲ್ಲ. ಯಂತ್ರವೂ ಓದುವವರೂ ಒಂದೇ ಕ್ಲಿನಿಕ್ಕಿನವರಾದರೆ ಮಾಡಿಫೈಯರ್ ಇಲ್ಲದೆ ಗ್ಲೋಬಲ್ ಆಗಿ (ಎರಡೂ ಭಾಗ ಸೇರಿಸಿ) ಬಿಲ್ ಮಾಡಬಹುದು. ಮೆಡಿಕೇರ್ (ಮುಖ್ಯವಾಗಿ ಹಿರಿಯರಿಗಿರುವ ಅಮೆರಿಕ ಸರ್ಕಾರದ ವಿಮೆ) ಹೊರರೋಗಿಯ ಆಸ್ಪತ್ರೆ ಬಿಲ್ಲಿನಲ್ಲಿ ಟೆಕ್ನೀಷಿಯಂ ಔಷಧದ ಹಣ ಸಾಮಾನ್ಯವಾಗಿ ಸ್ಕ್ಯಾನಿನ ದರದಲ್ಲೇ ಅಡಕವಾಗಿರುತ್ತದೆ. ಹಾಗಿದ್ದರೂ ಎ-ಕೋಡನ್ನು ಬಿಡದೆ ನಮೂದಿಸಬೇಕು.

ಹೊರರೋಗಿಯ ರೋಗನಿದಾನದ (ಐಸಿಡಿ-10 ಪಟ್ಟಿಯ) ಕೋಡಿಗೆ ‘ಶಂಟ್ ಮುಚ್ಚಿರಬಹುದು’ ಎಂಬ ಶಂಕೆ ಸಾಲದು. ಸ್ಕ್ಯಾನ್ ಓದಿದ ವೈದ್ಯರು ವಿಪಿ ಶಂಟ್ ಮುಚ್ಚಿದೆ ಎಂದು ಖಚಿತವಾಗಿ ಬರೆದಿದ್ದರೆ ಟಿ85.09ಎಕ್ಸ್‌ಎ ಹಾಕಬಹುದು. ಕೊನೆಯ ‘ಎ’ ಮೊದಲ ಭೇಟಿಯನ್ನಲ್ಲ, ಸಕ್ರಿಯ ಚಿಕಿತ್ಸೆಯನ್ನು ಸೂಚಿಸುತ್ತದೆ. ಹೊಸಬರಷ್ಟೇ ಅಲ್ಲ, ಹಳಬರೂ ಇಲ್ಲಿ ಎಡವುತ್ತಾರೆ. ಶಂಟ್ ಇದೆ ಎಂಬ ಸಂಗತಿ ಆ ಕೋಡಿನಲ್ಲೇ ಇರುವುದರಿಂದ ಜೊತೆಗೆ ಝಡ್98.2 ಬೇಡ. ಶಂಟ್ ಸರಿಯಿದ್ದರೆ ಪರೀಕ್ಷೆಗೆ ಕಾರಣವಾದ ಲಕ್ಷಣ ಅಥವಾ ಕಾಯಿಲೆಯನ್ನೇ ಬರೆಯಬೇಕು. ಹೊಟ್ಟೆಯ ನೀರಿಗೆ ಕ್ಯಾನ್ಸರ್ ಕಾರಣವಾದರೆ ಕ್ಯಾನ್ಸರಿನ ಕೋಡ್ ಮೊದಲು, ಆಮೇಲೆ ಆರ್18.0. ಮದ್ಯಪಾನದ ಸಿರೋಸಿಸ್‌ನಿಂದಾದ (ಯಕೃತ್ತು ಗಟ್ಟಿಯಾಗುವ ಕಾಯಿಲೆ) ನೀರಿಗೆ ಕೆ70.31 ಒಂದೇ ಸಾಕು, ಅದರೊಂದಿಗೆ ಆರ್18.8 (ಇತರ ಬಗೆಯ ಹೊಟ್ಟೆಯ ನೀರಿನ ಕೋಡ್) ಹಾಕುವಂತಿಲ್ಲ.

ಕ್ಲೇಮ್ ಡಿನೈ ಆಗಿ (ತಿರಸ್ಕೃತವಾಗಿ) ಬಂದರೆ ಕೂಡಲೇ 59 ಮಾಡಿಫೈಯರ್ (ಎರಡು ಸೇವೆಗಳು ಪ್ರತ್ಯೇಕ ಎಂದು ಹೇಳುವ ಸೂಚನೆ) ಅಂಟಿಸಿ ಮರಳಿ ಕಳುಹಿಸುವ ರೂಢಿ ಕೆಲವು ತಂಡಗಳಲ್ಲಿದೆ. ಅದು ಆಡಿಟ್ ಅನ್ನು ಕರೆದು ಕೂರಿಸಿದಂತೆ. ಪರೀಕ್ಷೆ ನಡೆದ ತಾರೀಖಿನ ಎನ್‌ಸಿಸಿಐ ಪಟ್ಟಿಯಲ್ಲಿ (ಸಾಮಾನ್ಯವಾಗಿ ಒಟ್ಟಿಗೆ ಬಿಲ್ ಮಾಡಬಾರದ ಕೋಡ್ ಜೋಡಿಗಳ ಮೆಡಿಕೇರ್ ಪಟ್ಟಿ) ಆ ಎರಡು ಕೋಡುಗಳ ಜೋಡಿ ನಿಜವಾಗಿಯೂ ಇದೆಯೇ, ಇದ್ದರೆ ಮಾಡಿಫೈಯರ್‌ಗೆ ಅವಕಾಶವಿದೆಯೇ, ಆ ಪ್ರತ್ಯೇಕತೆಗೆ ರಿಪೋರ್ಟಿನಲ್ಲಿ ಆಧಾರವಿದೆಯೇ ಎಂದು ನೋಡಿದ ಮೇಲಷ್ಟೇ ಅದನ್ನು ಬಳಸಬೇಕು. ಆಧಾರವಿದ್ದರೆ ರಿಪೋರ್ಟಿನ ಟೆಕ್ನಿಕ್ ಭಾಗ ಮತ್ತು ಚಿಕಿತ್ಸೆ ನೀಡುತ್ತಿರುವ ವೈದ್ಯರ ಆರ್ಡರ್ ಎರಡನ್ನೂ ಅಪೀಲಿಗೆ ಲಗತ್ತಿಸಿ ಕಳುಹಿಸಬೇಕು.